ಹೊಳೆಗೆ ಬಿಟ್ಟ ಮೀನು

ಪುಣೆಯ ಸಂಗಮದಲ್ಲಿ ಮುಳಾ ಮತ್ತು ಮುಠಾ ನದಿಗಳು ಕೂಡುತ್ತವೆ. ಕೂಡಿದ ಮೇಲೆ ಜೋಡುಹೆಸರಿನಿಂದಲೇ ಪೂರ್ವಕ್ಕೆ ಹರಿದು ಭೀಮೆಯನ್ನು ಸೇರುತ್ತವೆ. ಭೀಮೆ ಪಂಢರಪುರವನ್ನು ಬಳಸಿಕೊಂಡು ಕನ್ನಡನಾಡಿಗಿಳಿದು ಕೃಷ್ಣೆಯಲ್ಲಿ ಬೆರೆಯುತ್ತಾಳೆ. ನೀರಿನ ಲೆಕ್ಕದಲ್ಲಿ ನೋಡಿದರೆ ನಾವು ಪುಣೆಯ ಕನ್ನಡಿಗರು ತೌರಿನಿಂದ ಬಹಳ ದೂರ ಬಂದವರೇನೂ ಅಲ್ಲ. ನಾವು ಉದ್ಯೋಗಕ್ಕಾಗಿ ಇತ್ತ ಬಂದಂತೆ, ಪುಣೆಯ ಕಡೆಯ ಒಂದು ಮೀನು ಅತ್ತ ಕಾವೇರಿಗೆ ಹೋಗಿ ನೆಲೆಸಿದೆ. ಈ ಸಂಗತಿ ನಮ್ಮಲ್ಲಿ ಬಹಳ ಮಂದಿಗೆ ತಿಳಿದಂತಿಲ್ಲ. ಅದರ ಕಥೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಇದಕ್ಕೆ ಪ್ರೇರಣೆ ಒಬ್ಬ ಹುಡುಗನ ಪ್ರಶ್ನೆ. ನಾಲ್ಕಾರು ಮನೆಯವರು ಸೇರಿ ಮಕ್ಕಳುಮರಿ ಸಮೇತ ದೇಹೂವಿಗೆ ಹೋಗಿದ್ದೆವು. ತುಕಾರಾಮ ಮಹಾರಾಜರ ಊರಾದ್ದರಿಂದ ಅಲ್ಲಿಯ ಇಂದ್ರಾಯಣಿಯ ಮೀನುಗಳನ್ನು ದೇವರ ಮೀನುಗಳೆಂದೇ ಕಾಣುತ್ತಾರೆ. ಯಾತ್ರಿಕರು ಚುರುಮುರಿ ಎರಚುತ್ತಾರೆ. ನಮ್ಮ ಗುಂಪಿನಲ್ಲಿ ಮೀನನ್ನು ಮುಟ್ಟದವರೂ ಇದ್ದರು, ಮೀನಿಲ್ಲದೆ ಊಟವೇ ಸೇರದ ಕರಾವಳಿಯ ಸ್ನೇಹಿತರೂ ಇದ್ದರು. ಹುಡುಗ ಕೇಳಿದ: “ಇಲ್ಲಿ ಹಿಡಿದರೆ ಪಾಪ, ಪೇಟೆಯಲ್ಲಿ ಕೊಂಡರೆ ಪಾಪವಲ್ಲವೇ?” ದೊಡ್ಡವರೆಲ್ಲ ನಕ್ಕರು, ಯಾರೂ ಉತ್ತರಿಸಲಿಲ್ಲ. ಹಿಡಿದ ಮೀನನ್ನು ಇಟ್ಟುಕೊಳ್ಳಬೇಕೇ ಬಿಡಬೇಕೇ ಎಂಬುದು ಮಕ್ಕಳಾಟದ ಪ್ರಶ್ನೆಯಲ್ಲ. ಅದಕ್ಕೆ ನಮ್ಮ ನಾಡಿನಲ್ಲಿ ಸುಮಾರು ಒಂಬೈನೂರು ವರ್ಷಗಳ ಹಿನ್ನೆಲೆಯಿದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ಅಂದರೆ ಇಂದಿನ ಬಸವಕಲ್ಯಾಣದಿಂದ ಆಳಿದ ನಮ್ಮ ಅರಸ, 12ನೆಯ ಶತಮಾನದ ಪೂರ್ವಾರ್ಧದಲ್ಲಿ ‘ಮಾನಸೋಲ್ಲಾಸ’ವನ್ನು ಸಂಸ್ಕೃತದಲ್ಲಿ ರಚಿಸಿದ. ಅದರ ವಿನೋದಗಳ ಭಾಗದಲ್ಲಿ ‘ಮತ್ಸ್ಯವಿನೋದ’ ಎಂಬ ಪ್ರಕರಣವಿದೆ. ಕಡಲ ಮೀನು ಯಾವುದು, ಹೊಳೆಯ ಮೀನು ಯಾವುದು, ಯಾವುದಕ್ಕೆ ಯಾವ ಆಹಾರ, ಗಾಳ ಹೇಗಿರಬೇಕು, ದಾರ ಹೇಗಿರಬೇಕು ಎಂಬುದನ್ನೆಲ್ಲ ದೊರೆ ಬಲ್ಲವನಂತೆ ವಿವರಿಸುತ್ತಾನೆ. ಪ್ರಸಿದ್ಧ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣದ ಮೇಲೆ ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು. ಅದೇ ಗ್ರಂಥದ ಅನ್ನಭೋಗದ ಭಾಗದಲ್ಲಿ ಮೀನಿನ ಅಡುಗೆಯೂ ಬರುತ್ತದೆ. ಗಾಳ ಹಾಕುವುದು ವಿನೋದ, ಹಿಡಿದದ್ದು ಊಟ. ಎರಡರ ನಡುವೆ ದೊರೆಗೆ ವಿರೋಧ ಕಾಣಲಿಲ್ಲ. ಹೊಳೆ ತುಂಬ ಮೀನಿದ್ದ ಕಾಲ ಅದು.

ಇದಕ್ಕೆ ಎದುರಾದ ಇನ್ನೊಂದು ಪರಂಪರೆಯೂ ನಮ್ಮಲ್ಲಿಯೇ ಬೆಳೆಯಿತು. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ, ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲೆಯ ಮೀನುಗಳಿಗೆ ದೇವಸ್ಥಾನವೇ ರಕ್ಷೆ. ಒಂದೇ ಹೊಳೆಯ ಒಂದು ಮಡುವಿನಲ್ಲಿ ಅಭಯ, ಕೆಳಗಿನ ಮಡುವಿನಲ್ಲಿ ಬಲೆ. ತಾಯಿ ಮೀನುಗಳು ಉಳಿಯಲು ಇಂಥ ಮಡುಗಳು ಆಸರೆಯಾದವು. ಆದರೆ ಭಕ್ತಿಯ ಬೇಲಿ ಭಕ್ತಿಯಿಲ್ಲದವನನ್ನು ತಡೆಯದು. 1996ರಲ್ಲಿ ಶಿಶಿಲದ ಮಡುವಿಗೆ ಯಾರೋ ವಿಷ ಹಾಕಿದಾಗ ಸಾವಿರಾರು ಮೀನುಗಳು ಸತ್ತವು. ಊರವರು ಅವಕ್ಕೆ ಸ್ಮಾರಕವನ್ನೇ ಕಟ್ಟಿಸಿದರು.

ಇನ್ನು ಪುಣೆಯ ಮೀನಿನ ವಿಷಯ. ಕಂಪನಿ ಸರಕಾರದ ಸೈನ್ಯಾಧಿಕಾರಿ ಸೈಕ್ಸ್ ಎಂಬವನು 1824ರಿಂದ ಮುಂಬಯಿ ಸರಕಾರದ ಅಂಕಿಸಂಖ್ಯೆಗಳ ಅಧಿಕಾರಿಯಾಗಿ ದಖ್ಖನ್ನನ್ನು ಸುತ್ತಿದ. ಬೆಳೆ, ಮಳೆ, ಜನಸಂಖ್ಯೆಗಳ ಜೊತೆಗೆ ಹಕ್ಕಿಗಳನ್ನೂ ಮೀನುಗಳನ್ನೂ ಬರೆದಿಟ್ಟ. ಪುಣೆಯಿಂದ ಸುಮಾರು 8 ಮೈಲು ಪೂರ್ವಕ್ಕೆ, ಮುಳಾ-ಮುಠಾ ನದಿಯಲ್ಲಿ ಸಿಕ್ಕ ದೊಡ್ಡ ಹುರುಪೆಯ ಮೀನೊಂದಕ್ಕೆ ಅವನು ‘ಖುದ್ರಿ’ ಎಂಬ ಹೆಸರನ್ನು ಶಾಸ್ತ್ರದಲ್ಲಿ ದಾಖಲಿಸಿದ. ಅದು ಅಚ್ಚಾದದ್ದು 1839ರಲ್ಲಿ. ಮಹಸೀರ್ ಎಂಬ ಮೀನಿನ ಕುಲದಲ್ಲಿ ಇದೊಂದು ಜಾತಿ. ರೆಕ್ಕೆಗಳಲ್ಲಿ ನೀಲಿ ಛಾಯೆ ಇರುವುದರಿಂದ ನೀಲಿ ರೆಕ್ಕೆಯ ಮಹಸೀರ್ ಎಂದೂ ಕರೆಯುತ್ತಾರೆ. ಖುದ್ರಿಯ ಜನ್ಮಪತ್ರಿಕೆಯಲ್ಲಿ ಊರಿನ ಹೆಸರು ಪುಣೆ ಎಂದೇ ಇದೆ ಎಂದರೆ ತಪ್ಪಾಗದು.

ಕಾವೇರಿಯ ಮಹಸೀರ್ ಬೇರೆ. ಬೆನ್ನು ಗೂನಿನಂತೆ ಉಬ್ಬಿರುವ ಈ ಮೀನು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಹುಟ್ಟಿ ಬೆಳೆದದ್ದು. ಗಾತ್ರದಲ್ಲಿ ಇದಕ್ಕೆ ಸರಿಸಮಾನರಿಲ್ಲ. ಮೈಸೂರಿನಲ್ಲಿ ಮೃಗಚರ್ಮ ಹದಮಾಡುತ್ತಿದ್ದ ಪ್ರಸಿದ್ಧ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತ್ತು. ಗಾಳದವರ ಲೋಕದಲ್ಲಿ ಆ ಅಂಕಿಯನ್ನು ಇಂದಿಗೂ ಗೌರವದಿಂದ ಉಚ್ಚರಿಸುತ್ತಾರೆ.

ಆ ಕಾಲದ ದೊರೆಗಳು ಮೀನನ್ನು ಬಿಡುತ್ತಿರಲಿಲ್ಲ. ಹಿಡಿದದ್ದನ್ನು ಕಂಬಕ್ಕೆ ತೂಗುಹಾಕಿ ಪಕ್ಕದಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವುದೇ ಸಂಪ್ರದಾಯ. ಆದರೂ ಅವರಲ್ಲಿ ದೂರದೃಷ್ಟಿಯುಳ್ಳವರು ಇರಲಿಲ್ಲವೆನ್ನಲಾಗದು. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸ್, ಮೀನುಮರಿಗಳು ಹೇಗೆ ನಾಶವಾಗುತ್ತಿವೆಯೆಂಬುದನ್ನು 1870ರ ಸುಮಾರಿಗೇ ಸರಕಾರದ ಗಮನಕ್ಕೆ ತಂದಿದ್ದ. ಭಾರತದಲ್ಲಿ ಗಾಳ ಹಾಕುವುದನ್ನು ಕುರಿತ ಅವನ ಇಂಗ್ಲಿಷ್ ಪುಸ್ತಕ 1873ರಲ್ಲಿ ಬೆಳಕು ಕಂಡಿತು. ಮುಂದೆ 1897ರಲ್ಲಿ ಬಂದ ಮೀನುಗಾರಿಕೆಯ ಕಾಯಿದೆ ಸಿಡಿಮದ್ದು ಮತ್ತು ವಿಷಗಳಿಂದ ಮೀನು ಕೊಲ್ಲುವುದನ್ನು ಅಪರಾಧವೆಂದು ಸಾರಿತು. ಗಾಳಕ್ಕೆ ಒಂದು ಮೀನು. ಸಿಡಿಮದ್ದಿಗೆ ಮಡುವಿನ ಮೀನೆಲ್ಲ, ಮೊಟ್ಟೆಮರಿ ಸಹಿತ. ಈ ಭೇದವನ್ನು ಆ ಕಾಯಿದೆ ಗುರುತಿಸಿತು.

ಸ್ವಾತಂತ್ರ್ಯಾನಂತರ ಕಾವೇರಿಯ ಮಹಸೀರನ್ನು ಹೊರಲೋಕ ಮರೆತಂತಿತ್ತು. 1977-78ರಲ್ಲಿ ಇಂಗ್ಲೆಂಡಿನ ಮೂವರು ತರುಣರು ಗಾಳ ಹಿಡಿದು ಬಂದು, ದೊಡ್ಡ ಮೀನುಗಳು ಇನ್ನೂ ಇವೆಯೆಂದು ಕಂಡುಕೊಂಡರು. ಅಲ್ಲಿಂದ ಮುಂದೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕ್ಕಳಿಗಳಲ್ಲಿ ಕರ್ನಾಟಕ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಬಿಡಾರಗಳಾದವು. ದಕ್ಷಿಣ ಭಾರತದ ವನ್ಯಜೀವಿ ಸಂಘವೂ ನದಿಯ ಒಂದು ಭಾಗವನ್ನು ಕಾಯತೊಡಗಿತು. ಅಲ್ಲಿಯ ನಿಯಮ ಒಂದೇ: ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಜೀವಂತ ಬಿಡಬೇಕು. ಗಾಳಕ್ಕೆ ಸಿಕ್ಕಿಸುತ್ತಿದ್ದುದು ನಮ್ಮ ರಾಗಿ ಮುದ್ದೆ! ಮಸಾಲೆ ಹಾಕಿ ಬೇಯಿಸಿದ ರಾಗಿಯ ಉಂಡೆಗೆ ಮಹಸೀರ್ ಮನಸೋಲುತ್ತಿತ್ತು. ಮೊದಲು ಕದ್ದು ಮೀನು ಹಿಡಿಯುತ್ತಿದ್ದ ಸುತ್ತಮುತ್ತಲ ಊರಿನ ಕೆಲವರು ಮಾರ್ಗದರ್ಶಿಗಳಾಗಿ, ಕಾವಲುಗಾರರಾಗಿ ಸಂಬಳ ಪಡೆದರು. ಸತ್ತ ಮೀನಿಗೆ ಒಂದೇ ಸಲ ಬೆಲೆ. ಬದುಕಿದ ಮೀನಿಗೆ ಮತ್ತೆ ಮತ್ತೆ ಬೆಲೆ ಎಂಬುದು ಅವರಿಗೆ ಅನುಭವದಿಂದ ತಿಳಿಯಿತು.

ಇದೇ ಕಾಲದಲ್ಲಿ ನಮ್ಮ ಮಗ್ಗುಲಿನ ಲೋಣಾವಳದಲ್ಲಿ ಇನ್ನೊಂದು ಸತ್ಕಾರ್ಯ ನಡೆದಿತ್ತು. 1970ರ ದಶಕದಿಂದ ಟಾಟಾ ವಿದ್ಯುತ್ ಕಂಪನಿಯವರು ವಳವಣ ಕೆರೆಯ ಬಳಿ ಮಹಸೀರಿನ ತತ್ತಿಗಳನ್ನು ಕೃತಕವಾಗಿ ಫಲಿಸಿ ಮರಿ ಮಾಡತೊಡಗಿದರು. ಅಳಿಯುತ್ತಿದ್ದ ಮೀನನ್ನು ಉಳಿಸುವ ಈ ಕೆಲಸ ಪ್ರಶಂಸೆಗೆ ಪಾತ್ರವಾಯಿತು. ಮರಿಗಳು ದೇಶದ ಹಲವು ನೀರುಗಳಿಗೆ ಹೋದವು, ಕಾವೇರಿಗೂ ಹೋದವು. ಹೋದವು ಯಾವ ಜಾತಿಯವು? ಖುದ್ರಿ, ನಮ್ಮ ಮುಳಾ-ಮುಠೆಯ ನೀಲಿ ರೆಕ್ಕೆಯದು. ಮಹಸೀರ್ ಎಂದರೆ ಮಹಸೀರ್, ಹೆಚ್ಚಿದರೆ ಒಳ್ಳೆಯದೇ ಎಂದು ಎಲ್ಲರೂ ಭಾವಿಸಿದ ಕಾಲ ಅದು.

ಫಲವೇನಾಯಿತೆಂಬುದು ತಿಳಿದದ್ದು ಆ ಬಿಡಾರದ ಲೆಕ್ಕದ ಪುಸ್ತಕಗಳಿಂದ. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಮೀನುಗಳ ದಾಖಲೆಯನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು ಮೀನುಗಳು ಹೆಚ್ಚಿದ್ದವು. ಮೇಲ್ನೋಟಕ್ಕೆ ಎಲ್ಲವೂ ಕ್ಷೇಮ. ಜಾತಿವಾರು ನೋಡಿದಾಗ ಮಾತ್ರ ಎದೆ ಝಲ್ಲೆನ್ನುವಂತಿತ್ತು. ಹೆಚ್ಚಿದ್ದೆಲ್ಲ ಖುದ್ರಿ. ಕಾವೇರಿಯ ಗೂನುಬೆನ್ನಿನ ಮೀನು ವರ್ಷದಿಂದ ವರ್ಷಕ್ಕೆ ಇಳಿಮುಖ. ಸಿಕ್ಕವೂ ಮುದಿ ಮೀನುಗಳೇ, ಎಳೆಯವು ವಿರಳ. ಮಕ್ಕಳಿಲ್ಲದೆ ಮುದುಕರೇ ಉಳಿದ ಊರಿನಂತೆ. ಇನ್ನೂ ಖೇದದ ಸಂಗತಿಯೆಂದರೆ, ಲೋಕಪ್ರಸಿದ್ಧವಾದ ಈ ಮೀನಿಗೆ ಶಾಸ್ತ್ರದಲ್ಲಿ ಸರಿಯಾದ ಹೆಸರೇ ನಿಶ್ಚಯವಾಗಿರಲಿಲ್ಲ. 2018ರಲ್ಲಿ ಅದನ್ನು ‘ಟಾರ್ ರೇಮಾದೇವಿಯೈ’ ಎಂದು ಗುರುತಿಸಿದರು. ಅದೇ ವರ್ಷ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿಸಿದರು. ನಾಮಕರಣವೂ ಅಪಾಯದ ಗಂಟೆಯೂ ಒಂದೇ ವರ್ಷ!

ಇಲ್ಲಿ ಖುದ್ರಿಯದೇನೂ ತಪ್ಪಿಲ್ಲ. ಅದು ತಾನಾಗಿ ಹೋದದ್ದಲ್ಲ. ಕಳಿಸಿದ್ದರಿಂದ ಹೋಯಿತು, ಹೋದಲ್ಲಿ ಬಾಳಿತು. ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಇವೂ ಗೂನುಬೆನ್ನಿನ ಮೀನನ್ನು ಕಾಡಿವೆ. ಪರಸ್ಥಳದಲ್ಲಿ ಬಾಳುವ ನಾವು ವಲಸೆ ಬಂದದ್ದನ್ನೆಲ್ಲ ದೂರುವಂತಿಲ್ಲ. ಆದರೆ ಬಂದವರು ಬಾಳುವುದು ಬೇರೆ, ಮನೆಯವರು ಮಾಯವಾಗುವುದು ಬೇರೆ. ಇತ್ತ ಪುಣೆಯಲ್ಲಿ ತನ್ನ ಹೆಸರು ಹುಟ್ಟಿದ ಮುಳಾ-ಮುಠೆಯ ಈಗಿನ ನೀರನ್ನು ಕಂಡರೆ ಖುದ್ರಿ ತಾನೇ ಮೂಗು ಮುಚ್ಚಿಕೊಳ್ಳಬೇಕು. ತೌರಿನಲ್ಲಿ ನೆಲೆಯಿಲ್ಲ, ಹೋದಲ್ಲಿ ಅಪವಾದ!

ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ವಿಚಾರದಿಂದ ಕಾವೇರಿಯ ಗಾಳದ ಬಿಡಾರಗಳು 2012ರ ಹೊತ್ತಿಗೆ ನಿಂತವು. ವಿನೋದಕ್ಕಾಗಿ ಮೂಕಪ್ರಾಣಿಯ ಬಾಯಿಗೆ ಕೊಂಡಿ ಹಾಕುವುದೇಕೆ ಎಂಬ ವಾದವನ್ನು ಹಗುರವಾಗಿ ತಳ್ಳುವಂತಿಲ್ಲ. ಆದರೆ ಗಾಳದ ಜೊತೆಗೆ ದಡದ ಕಾವಲೂ, ಲೆಕ್ಕದ ಪುಸ್ತಕವೂ ಹೋದವು ಎಂಬುದನ್ನೂ ಮರೆಯುವಂತಿಲ್ಲ. ಆ ಪುಸ್ತಕ ಇರದಿದ್ದರೆ ಕಾವೇರಿಯ ಮೀನು ಸದ್ದಿಲ್ಲದೆ ಅಳಿಯುತ್ತಿತ್ತು, ನಾವು ಖುದ್ರಿಯನ್ನು ನೋಡಿ ಸಂತೋಷಪಡುತ್ತಿದ್ದೆವು.

ದೇಹೂವಿನ ಹುಡುಗನಿಗೆ ಈಗ ಏನು ಹೇಳೋಣ? ಹಸಿದು ಹಿಡಿದು ಉಣ್ಣುವ ಬೆಸ್ತನಲ್ಲಿ ಪಾಪ ಹುಡುಕಬೇಡ, ಮಗು. ಅವನ ಅನ್ನಕ್ಕೆ ಹೊಳೆಯಲ್ಲಿ ಮೀನು ಉಳಿಯಲೇಬೇಕು. ಹಿಡಿದು ಬಿಟ್ಟ ಮಾತ್ರಕ್ಕೆ ಪುಣ್ಯ ಬಂತೆಂದೂ ತಿಳಿಯಬೇಡ. ಹಿಡಿದದ್ದು ಯಾವ ಮೀನು, ಅದು ಯಾವ ಹೊಳೆಯದು, ಅದರ ಮರಿಗಳು ಇವೆಯೇ ಎಂದು ಕೇಳು. ಆಮೇಲೆ ಇಟ್ಟುಕೋ ಅಥವಾ ಬಿಡು. ಹೊಳೆಗೆ ಸುರಿದರೂ ಅಳೆದು ಸುರಿ ಎಂದು ನಮ್ಮ ಹಿರಿಯರು ಹೇಳಿದ್ದು ದುಡ್ಡಿಗೆ ಮಾತ್ರವಲ್ಲ, ಮೀನಿಗೂ ಸಲ್ಲುತ್ತದೆ.

ಪುಣೆಯ ಕನ್ನಡಿಗರು ತಮ್ಮ ವಿದ್ಯಾಸಂಸ್ಥೆಗಳಿಗೆ ಕಾವೇರಿಯ ಹೆಸರನ್ನಿಟ್ಟು ಆ ನದಿಯನ್ನು ಇಲ್ಲಿಗೆ ತಂದುಕೊಂಡವರು. ಆ ನದಿಯ ಹಿರಿಯ ಮಗನೊಬ್ಬ ಅಲ್ಲಿ ಕೊನೆಯುಸಿರು ಎಳೆಯುತ್ತಿದ್ದಾನೆ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ, ಶಿವನಸಮುದ್ರದ ಜಲಪಾತ ನೋಡಿ ಬರುವ ದಾರಿಯಲ್ಲಿ, ಮಕ್ಕಳಿಗೆ ಈ ಕಥೆಯನ್ನೂ ಹೇಳಿದರೆ ನಮ್ಮ ಶ್ರಮ ಸಾರ್ಥಕ.