12.8 ಸೆಕೆಂಡು

ಮೊನ್ನೆ ರಾತ್ರಿ ನಿದ್ದೆ ಬಾರದೆ ಹಳೇ ಒಲಿಂಪಿಕ್ಸ್ ಫಲಿತಾಂಶಗಳನ್ನು ಓದುತ್ತಾ ಕೂತಿದ್ದೆ. 1920ರ ಆಂಟ್ವರ್ಪ್ ಮ್ಯಾರಥಾನ್ ಪಟ್ಟಿಯಲ್ಲಿ ಎರಡು ಹೆಸರುಗಳು ಕಣ್ಣಿಗೆ ಬಿದ್ದವು. ಎರಡನೇ ಸ್ಥಾನದಲ್ಲಿ ಎಸ್ಟೋನಿಯಾದ ಯೂರಿ ಲೋಸ್ಮನ್. ಹತ್ತೊಂಬತ್ತನೇ ಸ್ಥಾನದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ! ಹಾಗಾಗಿ ಈ ಬರಹ.

ಲೋಸ್ಮನ್ ಹುಟ್ಟಿದ್ದು 1891ರಲ್ಲಿ. ಆಗ ಎಸ್ಟೋನಿಯಾ ರಷ್ಯಾ ಸಾಮ್ರಾಜ್ಯದ ಒಂದು ಮೂಲೆ. 1918ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡು, ಯುದ್ಧ ಮಾಡಿ, 1920ರ ಫೆಬ್ರವರಿಯಲ್ಲಷ್ಟೇ ರಷ್ಯಾ ಜೊತೆ ಒಪ್ಪಂದವಾಗಿತ್ತು. ಅದೇ ಆಗಸ್ಟಿನಲ್ಲಿ ಆ ಪುಟ್ಟ ದೇಶ ಮೊದಲ ಸಲ ತನ್ನದೇ ಹೆಸರಲ್ಲಿ ಒಲಿಂಪಿಕ್ಸಿಗೆ ಬಂತು.

ಎದುರಾಳಿ ಯಾರು ಗೊತ್ತಾ? ಫಿನ್‌ಲ್ಯಾಂಡಿನ ಹಾನ್ನೆಸ್ ಕೊಲೆಹ್ಮೈನೆನ್. 1912ರಲ್ಲಿ ಸ್ಟಾಕ್‌ಹೋಮಿನಲ್ಲಿ ಮೂರು ಚಿನ್ನ ಗೆದ್ದವನು. ಆದರೆ ಫಿನ್‌ಲ್ಯಾಂಡ್ ಆಗ ರಷ್ಯಾದ ಅಧೀನ, ಹಾಗಾಗಿ ಅವನ ಗೆಲುವಿಗೆ ಏರಿದ್ದು ರಷ್ಯಾದ ಬಾವುಟ. 1920ರ ಹೊತ್ತಿಗೆ ಅವನಿಗೂ ಸ್ವಂತ ದೇಶವಿತ್ತು.

ಆಗಸ್ಟ್ 22, ತಣ್ಣನೆ ದಿನ, ಮಳೆ. ದೂರ 42.75 ಕಿಲೋಮೀಟರ್. ಒಲಿಂಪಿಕ್ಸಿನ ಅತಿ ಉದ್ದದ ಮ್ಯಾರಥಾನ್ ಇದೇ. ಅರ್ಧ ದಾರಿವರೆಗೆ ಕೊಲೆಹ್ಮೈನೆನ್ ಜೊತೆಗೆ ದಕ್ಷಿಣ ಆಫ್ರಿಕಾದ ಗಿಟ್‌ಶಾಮ್ ಮುಂದಿದ್ದ. ಅವನು ಹಿಂದೆ ಬಿದ್ದ ಮೇಲೆ ಬೆನ್ನಟ್ಟಿ ಬಂದವನು ಲೋಸ್ಮನ್. ಕೊಲೆಹ್ಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡಿಗೆ ಮುಗಿಸಿದ. ಲೋಸ್ಮನ್ 2:32:48.6.

ಇಂಜಿನಿಯರ್ ಬುದ್ಧಿ ಬಿಡಬೇಕಲ್ಲ, ಲೆಕ್ಕ ಹಾಕಿದೆ. ಲೋಸ್ಮನ್‌ನ ಸರಾಸರಿ ವೇಗದಲ್ಲಿ 12.8 ಸೆಕೆಂಡು ಅಂದರೆ ಸುಮಾರು 60 ಮೀಟರ್. ನಲವತ್ತೆರಡು ಮುಕ್ಕಾಲು ಕಿಲೋಮೀಟರ್ ಓಡಿದ ಮೇಲೆ ಅರವತ್ತು ಮೀಟರ್! ಮೊದಲ ಇಬ್ಬರ ನಡುವೆ ಇದಕ್ಕಿಂತ ಕಡಿಮೆ ಅಂತರ ಒಲಿಂಪಿಕ್ಸ್ ಪುರುಷರ ಮ್ಯಾರಥಾನಿನಲ್ಲಿ ಮತ್ತೆ ಕಂಡಿದ್ದು 1996ರ ಅಟ್ಲಾಂಟಾದಲ್ಲಿ, 3 ಸೆಕೆಂಡು.

ಇನ್ನು ನಮ್ಮ ಚೌಗುಲೆ. ದೊರಾಬ್ಜಿ ಟಾಟಾ ಮುತುವರ್ಜಿಯಿಂದ ಹೋದ ಪುಟ್ಟ ತಂಡದಲ್ಲಿ ಈತನೂ ಒಬ್ಬ. 2:50:45.4 ಸಮಯ, ಅಂದರೆ ಲೋಸ್ಮನ್‌ಗಿಂತ ಸುಮಾರು 18 ನಿಮಿಷ ಹಿಂದೆ. ಆ ಕಾಲಕ್ಕೆ, ಅಷ್ಟು ದೂರದ ಚಳಿ ದೇಶಕ್ಕೆ ಹೋಗಿ ಓಡಿದ್ದೇ ದೊಡ್ಡದು. ನಮಗೆ ಸ್ವಾತಂತ್ರ್ಯ ಬರಲು ಇನ್ನೂ 27 ವರ್ಷ ಇತ್ತು, ಆದರೂ ಅವನ ಹೆಸರಿನ ಮುಂದೆ ಭಾರತ ಅಂತಲೇ ಇದೆ.

ಲೋಸ್ಮನ್ 1924ರಲ್ಲಿ ಪ್ಯಾರಿಸ್ಸಿನಲ್ಲೂ ಓಡಿ ಹತ್ತನೆಯವನಾದ. ಆದರೆ ನಿಜವಾದ ಸೋಲು ಬಂದಿದ್ದು ಆಮೇಲೆ, ಅದೂ ಮೈದಾನದ ಹೊರಗೆ. 1940ರಲ್ಲಿ ಸೋವಿಯತ್ ಒಕ್ಕೂಟ ಎಸ್ಟೋನಿಯಾವನ್ನು ನುಂಗಿತು. ನಂತರ ಜರ್ಮನ್ನರು ಬಂದರು. 1944ರಲ್ಲಿ ಸೋವಿಯತ್ ಸೇನೆ ಮತ್ತೆ ಬಂದಾಗ ಸಾವಿರಾರು ಜನ ದೇಶ ಬಿಟ್ಟು ಹೊರಟರು. ಲೋಸ್ಮನ್ ಸ್ವೀಡನ್ನಿಗೆ ಹೋದ. ಆಗ ಅವನಿಗೆ 53 ವರ್ಷ. ಮುಂದಿನ ನಲವತ್ತು ವರ್ಷ ಅಲ್ಲೇ ಕಳೆದು 1984ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡ. ಎಸ್ಟೋನಿಯಾ ಮತ್ತೆ ಸ್ವತಂತ್ರವಾಗಿದ್ದು 1991ರಲ್ಲಿ. ತನ್ನ ಬಾವುಟದಡಿ ಬೇಸಿಗೆ ಒಲಿಂಪಿಕ್ಸಿಗೆ ಮರಳಿದ್ದು 1992ರಲ್ಲಿ, ಬಾರ್ಸಿಲೋನಾಕ್ಕೆ. ಇಲ್ಲೂ ಸ್ವಲ್ಪದರಲ್ಲೇ ತಪ್ಪಿತು ನೋಡಿ!

ಆದರೂ ಒಂದು ಸಮಾಧಾನ. ಭೂಪಟದಲ್ಲಿ ಎಸ್ಟೋನಿಯಾ ಅನ್ನುವ ಸ್ವತಂತ್ರ ದೇಶವೇ ಇಲ್ಲದ ಆ ಐವತ್ತು ವರ್ಷವೂ, ಆಂಟ್ವರ್ಪ್ ಪಟ್ಟಿಯ ಎರಡನೇ ಸಾಲಿನಲ್ಲಿ ಅದು ಹಾಗೇ ಇತ್ತು. ಆ ಸಾಲನ್ನು ಯಾವ ಸೇನೆಗೂ ಅಳಿಸಲಾಗಲಿಲ್ಲ. ಹತ್ತೊಂಬತ್ತನೇ ಸಾಲಿನಲ್ಲಿ, ಇನ್ನೂ ಸ್ವತಂತ್ರವಾಗದ ನಮ್ಮ ದೇಶವೂ ಇತ್ತು.

ಚಿನ್ನ ಗೆದ್ದವನನ್ನು ಎಲ್ಲರೂ ನೆನೆಯುತ್ತಾರೆ. ಮುಂದಿನ ಸಲ ಇಂಥ ಪಟ್ಟಿ ಸಿಕ್ಕರೆ ಸ್ವಲ್ಪ ಕೆಳಗೂ ಕಣ್ಣು ಹಾಯಿಸಿ.