ಹೊಟ್ಟೆನೋವು ಎಂದ ಹುಡುಗರು: ವೈದ್ಯರನ್ನೂ ಏಮಾರಿಸಿದ ಕಾಯಿಲೆಯ ಕಥೆ

1840ರಲ್ಲಿ ಫ್ರಾನ್ಸಿನ ಡೆಲಾಸಿಯೋವ್ ಎಂಬ ವೈದ್ಯರು ಒಬ್ಬ ರೋಗಿಯ ವಿಷಯ ಬರೆದು ಪ್ರಕಟಿಸಿದರು. ಹರ್ನಿಯಾ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿದಿದ್ದ ಜಾಗದಲ್ಲಿ ಹರ್ನಿಯಾ ಇರಲಿಲ್ಲ. ತಡವಾಗಿ ಕೆಳಗಿಳಿಯುತ್ತಿದ್ದ ಎಡ ವೃಷಣ ತಿರುಚಿಕೊಂಡಿತ್ತು. ನಮ್ಮ ಆಡುಮಾತಿನಲ್ಲಿ ಹೇಳುವುದಾದರೆ, ಬೀಜ ಸುತ್ತಿಕೊಂಡಿತ್ತು. ಈ ಕಾಯಿಲೆಯ ಮೊದಲ ದಾಖಲೆ ಇದೇ ಎನ್ನುತ್ತಾರೆ. ಅಂದರೆ ಮೊದಲ ದಾಖಲೆಯೇ ಬೇರೆ ಕಾಯಿಲೆ ಎಂದುಕೊಂಡದ್ದರ ಕಥೆ.

ಹೀಗಾಗಲು ಕಾರಣವಿದೆ. ತಾಯಿಯ ಗರ್ಭದಲ್ಲಿರುವಾಗ ಗಂಡುಮಗುವಿನ ವೃಷಣ ಬೆಳೆಯುವುದು ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ. ಆಮೇಲೆ ಅದು ಕೆಳಗಿಳಿದು ಚೀಲ ಸೇರುತ್ತದೆ. ಜಾಗ ಬದಲಾದರೂ ನರಗಳು ಮೇಲಿನಿಂದಲೇ ಬರುತ್ತವೆ. ಹಾಗಾಗಿ ಕೆಳಗೆ ತಿರುಚಿಕೊಂಡರೂ ಹೊಕ್ಕುಳ ಕೆಳಗೆ, ಪಕ್ಕೆಯಲ್ಲಿ ನೋವು ಬರಬಹುದು. ಜೊತೆಗೆ ವಾಂತಿ. ನೋಡಿದವರು ಗ್ಯಾಸ್, ಅಪೆಂಡಿಕ್ಸ್, ಕಲ್ಲು ಎಂದುಕೊಳ್ಳುತ್ತಾರೆ.

1893ರಲ್ಲಿ ಇಂಗ್ಲೆಂಡಿನ ನ್ಯಾಶ್ ಎಂಬ ವೈದ್ಯರು ಕೊಯ್ಯದೆ ಕೈಯಿಂದಲೇ ತಿರುಚು ಬಿಡಿಸಿ, ರೋಗಿಗೆ ತಕ್ಷಣ ಆರಾಮವಾದದ್ದನ್ನು ವರದಿ ಮಾಡಿದರು. (ಇದನ್ನು ಓದಿ ಮನೆಯಲ್ಲಿ ಯಾರೂ ಕೈಹಾಕಬೇಡಿ. ತಪ್ಪು ದಿಕ್ಕಿಗೆ ತಿರುಗಿಸಿದರೆ ಇನ್ನಷ್ಟು ಬಿಗಿಯುತ್ತದೆ.) 1934ರಲ್ಲಿ ಪ್ರೆನ್ ಎಂಬುವರು ಒಂದು ಗುರುತು ಹೇಳಿಕೊಟ್ಟರು: ಚೀಲವನ್ನು ಮೆಲ್ಲಗೆ ಎತ್ತಿದಾಗ ನೋವು ಇಳಿದರೆ ಸೋಂಕು, ಇಳಿಯದಿದ್ದರೆ ತಿರುಚು. ಬಹಳ ಕಾಲ ಪಾಠದಲ್ಲಿತ್ತು. ಈಗ ಅದೊಂದನ್ನೇ ನಂಬುವುದಿಲ್ಲ. 1984ರಲ್ಲಿ ರಾಬಿನೊವಿಟ್ಜ್ ಬರೆದದ್ದು ಹೆಚ್ಚು ಕೆಲಸಕ್ಕೆ ಬಂತು. ಒಳತೊಡೆಯನ್ನು ಸವರಿದರೆ ಆ ಕಡೆಯ ಬೀಜ ಸರಕ್ಕನೆ ಮೇಲೇರಬೇಕು. ತಿರುಚಿದ್ದರೆ ಸಾಮಾನ್ಯವಾಗಿ ಏರುವುದಿಲ್ಲ. ಆಮೇಲೆ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಬಂತು. ಅನುಮಾನ ಬಲವಾಗಿದ್ದರೆ ಸರ್ಜನ್ನರು ಸ್ಕ್ಯಾನಿಗೂ ಕಾಯದೆ ಆಪರೇಷನ್‌ಗೆ ಒಯ್ಯುತ್ತಾರೆ, ಏಕೆಂದರೆ ರಕ್ತ ನಿಂತುಹೋಗಿರುತ್ತದೆ. ಸುಮಾರು 6 ಗಂಟೆಯೊಳಗೆ ಬಿಡಿಸಿದರೆ ಹೆಚ್ಚಿನವರಲ್ಲಿ ಬೀಜ ಉಳಿಯುತ್ತದೆ, 24 ಗಂಟೆ ದಾಟಿದರೆ ಉಳಿಯುವುದು ಅಪರೂಪ.

ಇಷ್ಟೆಲ್ಲ ಪರೀಕ್ಷೆ ಬಂದರೂ ಒಂದು ಅಡ್ಡಿ ಹಾಗೇ ಇದೆ: ನಾಚಿಕೆ. ಇದು ಹೆಚ್ಚಾಗಿ ಬರುವುದು 12ರಿಂದ 18ರ ವಯಸ್ಸಿನಲ್ಲಿ. ಆ ವಯಸ್ಸಿನ ಹುಡುಗ ಅಮ್ಮನ ಹತ್ತಿರ "ಹೊಟ್ಟೆ ನೋಯ್ತಿದೆ" ಎನ್ನುತ್ತಾನೆಯೇ ಹೊರತು ಬೇರೆ ಹೇಳುವುದಿಲ್ಲ. ನಾವು ಓಮದ ಕಷಾಯ ಕುಡಿಸಿ ಬೆಳಗಾಗಲಿ ಎನ್ನುತ್ತೇವೆ. ಆ 6 ಗಂಟೆ ಹೋಗುವುದು ಅಲ್ಲೇ.

ಹಾಗಾಗಿ ಹುಡುಗನಿಗೆ ಇದ್ದಕ್ಕಿದ್ದಂತೆ ಜೋರು ಹೊಟ್ಟೆನೋವು, ವಾಂತಿ ಬಂದರೆ ಅಪ್ಪನೋ ಮಾವನೋ ಪಕ್ಕಕ್ಕೆ ಕರೆದು "ಕೆಳಗೂ ನೋವಿದೆಯೇನೋ, ಊದಿದೆಯಾ?" ಎಂದು ಕೇಳಬೇಕು. ಹೌದು ಎಂದರೆ ನಡುರಾತ್ರಿಯಾದರೂ 108ಕ್ಕೆ ಫೋನ್ ಮಾಡಿ, ಸರ್ಜನ್ ಇರುವ ಆಸ್ಪತ್ರೆಗೇ ಹೋಗಬೇಕು. ಡಾಕ್ಟರು ಬಟ್ಟೆ ತೆಗೆಸಿ ನೋಡದಿದ್ದರೆ ನೀವೇ ನೋಡಲು ಹೇಳಿ. ಆಪರೇಷನ್ನಿನಲ್ಲಿ ಇನ್ನೊಂದು ಬೀಜವನ್ನೂ ತಿರುಚದಂತೆ ಹೊಲಿಗೆ ಹಾಕಿ ಕೂರಿಸುತ್ತಾರೆ. ಒಂದನ್ನು ತೆಗೆಯಬೇಕಾಗಿ ಬಂದರೂ ಇನ್ನೊಂದು ಚೆನ್ನಾಗಿದ್ದರೆ ಮುಂದೆ ಮಕ್ಕಳಾಗಲು ಸಾಮಾನ್ಯವಾಗಿ ತೊಂದರೆಯಿಲ್ಲ.