ಮೆದುಳುಬಳ್ಳಿಯ ಆಘಾತ
ಮೆದುಳುಬಳ್ಳಿಗೆ ತೀವ್ರವಾದ ಪೆಟ್ಟು ತಗುಲಿದೊಡನೆ, ಗಾಯದ ಮಟ್ಟಕ್ಕಿಂತ ಕೆಳಗಣ ಸ್ನಾಯುಗಳ ಪರಾವರ್ತಿತ ಪ್ರತಿಕ್ರಿಯೆಗಳು ತಾತ್ಕಾಲಿಕವಾಗಿ ಲೋಪಗೊಳ್ಳುವ ಸ್ಥಿತಿ. ಸ್ಕಾಟ್ಲೆಂಡಿನ ವೈದ್ಯ ರಾಬರ್ಟ್ ವಿಟ್ ಹದಿನೆಂಟನೆಯ ಶತಮಾನದಲ್ಲೇ ಇದನ್ನು ಗಮನಿಸಿದ್ದನಾದರೂ, ಇದಕ್ಕೆ ಈ ಹೆಸರನ್ನಿತ್ತವನು ಇಂಗ್ಲೆಂಡಿನ ಮಾರ್ಷಲ್ ಹಾಲ್ (1790-1857).

ಈ ಅವಸ್ಥೆಯಲ್ಲಿ ಕಾಲುಗಳು ಬಿಗಿಯಳಿದು ಜೋಲುಬಿದ್ದಿರುತ್ತವೆ. ಮಂಡಿಚಿಪ್ಪಿನ ಕೆಳಗಣ ಸ್ನಾಯುರಜ್ಜುವನ್ನು ಸುತ್ತಿಗೆಯಿಂದ ತಟ್ಟಿದರೂ ಕಾಲು ಚಿಮ್ಮದು. ಪ್ರತಿಕ್ರಿಯೆಯ ನರಪಥವು ಗಾಯದ ಕೆಳಗೆ ಅಖಂಡವಾಗಿದ್ದರೂ, ಮೆದುಳಿನಿಂದಿಳಿದು ಬಂದು ಚಾಲಕ ನರಕೋಶಗಳನ್ನು ಸದಾ ಸನ್ನದ್ಧವಾಗಿರಿಸುತ್ತಿದ್ದ ಪ್ರಚೋದನೆ ಕಡಿದುಹೋಗುವುದೇ ಇದಕ್ಕೆ ಮುಖ್ಯ ಕಾರಣ. ಆಘಾತದಿಂದ ಚೇತರಿಸಿಕೊಂಡ ಪ್ರಾಣಿಯ ಮೆದುಳುಬಳ್ಳಿಯನ್ನು ಮೊದಲ ಗಾಯದ ಕೆಳಗೆ ಮತ್ತೊಮ್ಮೆ ಛೇದಿಸಿದರೆ ಆಘಾತವು ಮರುಕಳಿಸದೆಂಬ ಚಾರ್ಲ್ಸ್ ಷೆರಿಂಗ್ಟನ್ನನ ಪ್ರಯೋಗಫಲವು ಈ ವಾದವನ್ನು ಪುಷ್ಟೀಕರಿಸಿತು. ಕಪ್ಪೆಯಲ್ಲಿ ನಿಮಿಷಗಳಲ್ಲಿಯೂ ಬೆಕ್ಕಿನಲ್ಲಿ ಗಂಟೆಗಳಲ್ಲಿಯೂ ತೀರುವ ಈ ಆಘಾತವು, ಮೆದುಳಿನ ಅಧೀನತೆ ಅಧಿಕವಾಗಿರುವ ಮನುಷ್ಯನಲ್ಲಿ ವಾರಗಟ್ಟಲೆ ಉಳಿಯಬಲ್ಲದು.

ಚೇತರಿಕೆಯಲ್ಲಿ ಸಾಮಾನ್ಯವಾಗಿ ಚರ್ಮಸಂಬಂಧಿ ಪ್ರತಿಕ್ರಿಯೆಗಳು ಮೊದಲೂ, ಸ್ನಾಯುರಜ್ಜುಗಳವು ಅನಂತರವೂ ಮರಳುತ್ತವೆ. ಅಂಗಾಲಿನ ಹೊರ ಅಂಚನ್ನು ಹಿಮ್ಮಡಿಯಿಂದ ಮುಂದಕ್ಕೆ ಗೀರಿದಾಗ ಹೆಬ್ಬೆರಳು ಕೆಳಕ್ಕೆ ಮಡಿಯದೆ ಮೇಲಕ್ಕೇಳುವುದು, 1896ರಲ್ಲಿ ಫ್ರಾನ್ಸಿನ ಜೋಸೆಫ್ ಬಾಬಿನ್ಸ್ಕಿ ವರ್ಣಿಸಿದ ಲಕ್ಷಣ. ಕಾಲಕ್ರಮದಲ್ಲಿ ನರಕೋಶಗಳ ಉದ್ರೇಕಶೀಲತೆ ಹೆಚ್ಚಿ, ಉಳಿದ ನರತಂತುಗಳು ಹೊಸ ಕವಲೊಡೆದು, ಪ್ರತಿಕ್ರಿಯೆಗಳು ಸಹಜಮಿತಿಯನ್ನು ಮೀರುತ್ತವೆ: ಸ್ನಾಯುಗಳು ಬಿಗಿಯುತ್ತವೆ, ಪಾದವನ್ನು ಥಟ್ಟನೆ ಮೇಲಕ್ಕೆ ಒತ್ತಿ ಹಿಡಿದರೆ ಅದು ಲಯಬದ್ಧವಾಗಿ ಅದುರುತ್ತದೆ, ಹೊದಿಕೆಯ ಸ್ಪರ್ಶಮಾತ್ರದಿಂದಲೇ ಕಾಲು ಹಠಾತ್ತನೆ ಮಡಿಯಬಹುದು. ಇಂತಹ ಚಲನೆಯು ಇಚ್ಛಾಶಕ್ತಿ ಮರಳಿದುದರ ಕುರುಹಲ್ಲ. ಬಿಗಿತದ ಉಪಶಮನಕ್ಕೆ ಅಂಗಮರ್ದನ, ವ್ಯಾಯಾಮಗಳೊಡನೆ ಬ್ಯಾಕ್ಲೋಫೆನ್ ಮೊದಲಾದ ಔಷಧಗಳನ್ನು ಬಳಸುವರು. ಮೆದುಳುಬಳ್ಳಿಯ ತುದಿಯ ನರಮೂಲಗಳೇ ನಾಶವಾಗಿದ್ದರೆ ಮಾತ್ರ ನರಪಥವೇ ಮುರಿದುಹೋಗುವುದರಿಂದ, ಆ ಸ್ನಾಯುಗಳ ಶೈಥಿಲ್ಯವು ಶಾಶ್ವತವಾಗಿ ಉಳಿಯಬಹುದು.